ಮಡಿಕೇರಿಯಲ್ಲಿ ಸರಿ, ಸುಳ್ಯದಲ್ಲಿ ಮುಗ್ಗರಿಸುವ ಜಿಪ್ಸಿ

ನಮ್ಮ ಜಿಪ್ಸಿ ಮಡಿಕೇರಿಯಲ್ಲಿ ಚೆನ್ನಾಗಿಯೇ ಓಡುತ್ತದೆ. ಸಂಪಾಜೆ ಘಾಟಿ ಇಳಿದು ಸುಳ್ಯ ತಲುಪಿದರೆ ಶುರು ಅದರ ರಗಳೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಯೋಚಿಸಿ, ಆಮೇಲೆ ಎಳೆಯುತ್ತದೆ. 1990ರ ದಶಕದ ಗಾಡಿ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಹಳೇ ಕಾಲದ ಕಾರ್ಬುರೇಟರ್‌ನದು. ಅಪ್ಪ ತೋಟದ ಕೆಲಸಕ್ಕೆಂದು ತಂದದ್ದು.

"ಎಥನಾಲ್ ಅಣ್ಣ, ಬೇರೇನಿಲ್ಲ" ಅಂದರು ಗ್ಯಾರೇಜಿನ ಕಾಕ. ಕಬ್ಬು, ಧಾನ್ಯದಿಂದ ತೆಗೆಯುವ ಆಲ್ಕೋಹಾಲ್ ಅದು, ಈಗ ಬಂಕಿನ ಪೆಟ್ರೋಲಿನಲ್ಲಿ ಸುಮಾರು 20% ಬೆರೆತೇ ಬರುತ್ತದೆ. ಈಗೀಗ ಹಾರ್ನ್ ಕೆಟ್ಟರೂ ಎಥನಾಲ್ ಮೇಲೆ ಹಾಕುವವರಿದ್ದಾರೆ. ಆದರೆ ಕಾಕನ ಮಾತಿಗೆ ಲೆಕ್ಕ ಕೂಡುತ್ತದೆ.

ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು, ಯಾಕೆಂದರೆ ಅದರೊಳಗೇ ಆಮ್ಲಜನಕ ಇದೆ. ಹೊಸ ಕಾರುಗಳಲ್ಲಿ ಸೆನ್ಸರ್ ಇದನ್ನು ಗುರುತಿಸುತ್ತದೆ, ಇಂಜೆಕ್ಟರ್ ಸ್ವಲ್ಪ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಕಾರ್ಬುರೇಟರ್‌ನ ಜೆಟ್‌ಗೆ ಅದೆಲ್ಲ ಗೊತ್ತಿಲ್ಲ. ಪೆಟ್ರೋಲ್ ಬರುವ ಆ ತೂತು ಎಷ್ಟಿದೆಯೋ ಅಷ್ಟೇ. ಹಾಗಾಗಿ ಎಂಜಿನ್‌ಗೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಮ್ಮಿ ಬೀಳುತ್ತದೆ.

ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿ ತೆಳು, ಆದ್ದರಿಂದ ಕಾರ್ಬುರೇಟರ್ ಗಾಡಿಗೆ ಪೆಟ್ರೋಲೇ ಜಾಸ್ತಿ ಆಗುತ್ತಿತ್ತು. ಎಥನಾಲ್ ಅದನ್ನು ಹೆಚ್ಚುಕಮ್ಮಿ ಸರಿದೂಗಿಸಿಬಿಟ್ಟಿದೆ! ಕೆಳಗಿಳಿದರೆ ಆ ಎತ್ತರದ ಉಪಕಾರ ಇಲ್ಲ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಬಹುದು. ಆಗ ಸುಳ್ಯದಲ್ಲಿ ಸರಿಹೋಗಿ ಮಡಿಕೇರಿಯಲ್ಲಿ ಹೊಗೆ ಬಿಡುತ್ತದೆ. ನಾನು ಮನೆ ಇರುವ ಕಡೆಗೇ ವೋಟು ಹಾಕಿದೆ, ಹಳೇ ಜೆಟ್ ಹಾಗೇ ಇದೆ.

ಮೈಲೇಜ್ ವಿಷಯಕ್ಕೆ ಅಷ್ಟೊಂದು ಗಲಾಟೆ ಬೇಡ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನಲ್ಲಿ ಶಕ್ತಿ ಮೂರನೇ ಒಂದು ಭಾಗ ಕಡಿಮೆ. 20% ಬೆರೆಸಿದರೆ ಹಳೇ ಕಾರುಗಳಲ್ಲಿ ಮೈಲೇಜ್ 6-7% ಇಳಿಯುತ್ತದೆ ಎಂದು ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಅರ್ಧಕ್ಕರ್ಧ ಬಿತ್ತು ಅನ್ನುವವರು ಬೇರೆ ಕಾಯಿಲೆ ಹುಡುಕಬೇಕು.

ನನಗೆ ಹೆದರಿಕೆ ಇರುವುದು ನಮ್ಮ ಮಳೆಗಾಲದ್ದು. ಜೂನ್‌ನಿಂದ ತೋಟದ ಓಡಾಟವೆಲ್ಲ ಡೀಸೆಲ್ ಪಿಕಪ್‌ನಲ್ಲಿ, ಜಿಪ್ಸಿ ಶೆಡ್‌ನಲ್ಲಿ ಸುಮ್ನೆ ನಿಂತಿರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಬರೀ ಗಾಳಿಯ ತೇವಕ್ಕೇ ಟ್ಯಾಂಕ್ ತುಂಬ ನೀರಾಗುತ್ತದೆ ಅನ್ನುವುದು ಉತ್ಪ್ರೇಕ್ಷೆ. ಆದರೆ ಕ್ಯಾಪಿನ ಹಳೇ ವಾಷರ್ ಸಂದಿಯಲ್ಲಿ ಮಳೆನೀರು ಇಳಿದರೆ ಕಥೆ ಬೇರೆ. ಮಿತಿ ದಾಟಿದಾಗ ನೀರು ಎಥನಾಲನ್ನೂ ಕರೆದುಕೊಂಡು ತಳಕ್ಕೆ ಹೋಗಿ ಕೂರುತ್ತದೆ. ಪೆಟ್ರೋಲ್ ಎಳೆಯುವ ಪೈಪ್ ಇರುವುದೂ ತಳದಲ್ಲೇ ಅಲ್ವಾ? ಟ್ಯಾಂಕಿನ ತಗಡಿಗೆ ತುಕ್ಕು ಬೇರೆ.

ಹಾಗಾಗಿ ಮೇ ಕೊನೆಗೆ ಕ್ಯಾಪಿನ ವಾಷರ್ ಬದಲಿಸಿ, ಟ್ಯಾಂಕ್ ತುಂಬಿಸುತ್ತೇನೆ. ಒಳಗೆ ತೇವದ ಗಾಳಿಗೆ ಜಾಗ ಕಮ್ಮಿ. ಆಮೇಲೆ ಟ್ಯಾಂಕಿನಿಂದ ಬರುವ ಹೋಸ್ ಕಳಚಿ, ಬಾಯಿ ಮುಚ್ಚಿ, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಖಾಲಿಯಾಗುವವರೆಗೆ ಎಂಜಿನ್ ಓಡಿಸುತ್ತೇನೆ. ಹಳೇ ರಬ್ಬರ್ ಹೋಸ್‌ಗಳನ್ನು ಕಾಕ ಕಿತ್ತಾಗ ಕೆಲವು ಉಬ್ಬಿದ್ದವು, ಒಂದು ಬಿರುಕು ಬಿಟ್ಟಿತ್ತು. ಈಗ ಹಾಕಿರುವುದು ಎಥನಾಲ್ ತಡೆಯುವ ವೈಟನ್ ಹೋಸ್. ದುಬಾರಿ. ಆದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದಕ್ಕಿಂತ ವಾಸಿ.

20% ಎಥನಾಲ್ ಬೆರೆಸುವ ಗುರಿ ಮೊದಲಿಗೆ 2030ಕ್ಕೆ ಇತ್ತು, ಅದನ್ನು 2025ಕ್ಕೆ ತಂದರು. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ನಾಲ್ಕು ಕಾಸು ಸಿಕ್ಕರೆ ನನಗೇನೂ ಹೊಟ್ಟೆಕಿಚ್ಚಿಲ್ಲ, ನಾನೂ ಕಾಫಿ ಬೆಲೆ ನೋಡಿಕೊಂಡು ಬದುಕುವವನೇ. ಬಂಕಿನಲ್ಲಿ ಹಳೇ ಗಾಡಿಗಳಿಗೆಂದು 10% ಎಥನಾಲ್ ಇರುವ ಪೆಟ್ರೋಲಿನ ಒಂದು ಗನ್ ಉಳಿಸಿದ್ದರೆ ಸಾಕಿತ್ತು.