ಡ್ಯೂಡ್ ಅಂದರೆ ಯಾರು?

ವಾರಾಂತ್ಯದಲ್ಲಿ ಮಡಿಕೇರಿ ಸುತ್ತಿನ ಯಾವ ಹೋಂಸ್ಟೇಯಲ್ಲಿ ಕಿವಿಗೊಟ್ಟರೂ 'ಡ್ಯೂಡ್' ಕೇಳದೆ ಇರದು. 1883ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅದು ಲೇವಡಿಯ ಮಾತು: ಅತಿಯಾಗಿ ಸಿಂಗರಿಸಿಕೊಂಡು ಮೆರೆಯುವ ಷೋಕಿಲಾಲ. ಆಮೇಲೆ ಅಮೆರಿಕದ ಪಶ್ಚಿಮದಲ್ಲಿ, ದನ-ಕುದುರೆಯ ಕೆಲಸ ಗೊತ್ತಿಲ್ಲದ ಪೇಟೆಯವನಿಗೂ ಅದೇ ಹೆಸರು. ಅಂಥವರು ದುಡ್ಡು ಕೊಟ್ಟು ಉಳಿಯುವ ಜಾಗ 'ಡ್ಯೂಡ್ ರ‍್ಯಾಂಚ್'. ಬಿಳಿ ಶೂ ಹಾಕಿಕೊಂಡು ಮಳೆಗಾಲದ ಕಾಫಿ ತೋಟಕ್ಕೆ ಇಳಿಯುವ ಅತಿಥಿಗೆ ಆ ಹಳೆಯ ಅರ್ಥವೇ ಸರಿ, ಜಿಗಣೆ ಹತ್ತಿದ ಮೇಲಂತೂ!

ಈಗಿನ ಅರ್ಥ ರಾಗದಲ್ಲಿದೆ. 'ಡ್ಯೂ...ಡ್' ಎಂದು ಎಳೆದು ದನಿ ಇಳಿಸಿದರೆ ಬೇಸರ ಇಲ್ಲವೇ ಅನುಕಂಪ. ಎಳೆದು ಏರಿಸಿದರೆ ಬೆರಗು. ಮೊಟಕಾಗಿ ಕಡಿದರೆ 'ಸಾಕು, ನಿಲ್ಲಿಸು'. ವಾಕ್ಯದ ಕೊನೆಗೆ ಬಂದರೆ ನಮ್ಮ 'ಮಾರಾಯ'ನ ಕೆಲಸ: ಮಾತಿನ ಮೊನೆ ಮೊಂಡಾಗುತ್ತದೆ. ಗೆಳೆತನ ಉಂಟು, ಆದರೆ ಅತಿ ಸಲಿಗೆ ಇಲ್ಲ ಎಂಬ ನಿಲುವು ಇದರಲ್ಲಿದೆ ಎಂದು ಭಾಷಾವಿಜ್ಞಾನಿ ಸ್ಕಾಟ್ ಕೀಸ್ಲಿಂಗ್ 2004ರ ಲೇಖನದಲ್ಲಿ ವಿವರಿಸಿದ್ದಾರೆ.

ಎಡವಟ್ಟಾಗುವುದು ವಯಸ್ಸಿನ ವಿಷಯದಲ್ಲಿ. ಇದು ಓರಗೆಯವರ ಪದ. ತೋಟದ ಯಜಮಾನರಿಗೆ ಅಂಕಲ್, ಜೀಪ್ ಓಡಿಸುವವರಿಗೆ ಅಣ್ಣ ಅನ್ನಿ. ಹುಡುಗಿಯರೂ ಪರಸ್ಪರ 'ಡ್ಯೂಡ್' ಅಂದುಕೊಳ್ಳುತ್ತಾರೆ, ತಪ್ಪೇನಿಲ್ಲ. 'ಆ ಡ್ಯೂಡ್' ಎಂದು ಮೂರನೆಯವರ ಬಗ್ಗೆ ಹೇಳಿದರೆ ಮಾತ್ರ ಸಾಮಾನ್ಯವಾಗಿ ಗಂಡಸೇ.