ಆಯಿಲ್ ಕುಡಿಯುತ್ತೆ ಅಂತ ಇಂಜಿನ್ ಇಳಿಸುವ ಮುಂಚೆ

ಮಾಡಿಫೈ ಮಾಡಿಸಿದ ಗಾಡಿ ಗ್ಯಾರೇಜಿಗೆ ಬಂದರೆ ಸಾಮಾನ್ಯವಾಗಿ ಎರಡು ದೂರು ಇರುತ್ತವೆ. ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಆಯಿಲ್ ಜಾಸ್ತಿ ಕುಡಿಯುತ್ತೆ. ಎರಡಕ್ಕೂ ಬೇರೆ ಬೇರೆ ಬಿಲ್ ಹಾಕೋದು ಸುಲಭ. ಆದರೆ ಪುಣೆಯ ಭೋಸರಿಯಲ್ಲಿ ಈ ಕೆಲಸ ಮಾಡಿಕೊಂಡಿರುವ ನಾನು ನೋಡಿದ ಮಟ್ಟಿಗೆ ಎಷ್ಟೋ ಸಲ ಎರಡೂ ಒಂದೇ ಬೇರಿನಿಂದ ಬಂದಿರುತ್ತವೆ. ಮೊದಲನೆಯದು ಸರಿಯಾಗುವ ತನಕ ಎರಡನೆಯದು ನಿಜವಾಗಿ ಎಷ್ಟಿದೆ ಅಂತ ಅಳೆಯಲಿಕ್ಕೂ ಆಗುವುದಿಲ್ಲ.

ಹೋದ ಚಳಿಗಾಲದಲ್ಲಿ ಬಂದ ಒಂದು ಗಾಡಿಯ ವಿಷಯ ಹೇಳುತ್ತೇನೆ. 1.6 ಲೀಟರ್ ಪೆಟ್ರೋಲ್ ಇಂಜಿನ್, ಕಂಪನಿಯಿಂದ ಬಂದಾಗ ಟರ್ಬೊ ಇರಲಿಲ್ಲ. ಮುಂಬೈಯಲ್ಲಿ ಒಂದು ಕಡೆ ಟರ್ಬೊ, ಫೋರ್ಜ್ಡ್ ಪಿಸ್ಟನ್, ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಹೊರಗಿನ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಹಾಕಿಸಿ ಮೇ ತಿಂಗಳಲ್ಲಿ ಟ್ಯೂನ್ ಮಾಡಿಸಿದ್ದರು. (ಇಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಅದು ಬೇರೆ ಪಂಚಾಯಿತಿ.) ಗಾಡಿಯ ಹುಡುಗ ಬಾಗಲಕೋಟೆ ಕಡೆಯವನು. ಮನೆ ವಾಕಡ್, ಆಫೀಸು ಪಕ್ಕದ ಹಿಂಜವಡಿ.

"ಅಣ್ಣಾ, ಮುಂಜಾನೆ ಸೆಲ್ಫ್ ಹೊಡದ್ ಹೊಡದ್ ಬ್ಯಾಟರಿನ ಕೂಡತೈತಿ. ಡೊಂಬಿವಲಿಗೆ ಅಕ್ಕನ ಮನಿಗೆ ಹೋಗಿ ಬಂದ್ರ ಹತ್ತತ್ರ ಒಂದ್ ಲೀಟರ್ ಆಯಿಲ್ ಮಾಯ ಆಗತೈತಿ" ಅಂದ. ಅಷ್ಟೊತ್ತಿಗೆ ಬೇರೊಂದು ಗ್ಯಾರೇಜಿನವರು ಆಯಿಲ್ ಮೇಲೆ ಬರದಂತೆ ತಡೆಯುವ ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಇಳಿಸಲೇಬೇಕು ಅಂತ ಹೇಳಿ ಕಳಿಸಿದ್ದರು.

ನಾನು ಕೇಳಿದೆ, "ಊರೊಳಗ ಓಡಿಸುವಾಗ ಎಷ್ಟು ಕಮ್ಮಿ ಆಗತೈತಿ?"

"ಊರಾಗ ಏನೂ ಕಮ್ಮಿ ಆಗಂಗಿಲ್ರಿ. ಆಯಿಲ್ ನೋಡೋ ಗೇಜ್ ಕಡ್ಡಿ ಹಂಗ ಫುಲ್ ಇರತೈತಿ."

ಅಲ್ಲೇ ಅನುಮಾನ ಬಂತು. ರಿಂಗ್ ನಿಜವಾಗಿ ಹೋಗಿದ್ದರೆ ಊರಲ್ಲಿ ಸುಮ್ನೆ ಕೂತು ಹೈವೇನಲ್ಲಿ ಮಾತ್ರ ಲೀಟರ್‌ಗಟ್ಟಲೆ ಆಯಿಲ್ ಹೋಗಲ್ಲ. ಎರಡೂ ಕಡೆ ಇಳಿಯಬೇಕು. ಊರಲ್ಲಿ ಮಟ್ಟ ಒಂಚೂರೂ ಇಳಿಯದೆ ಇದ್ದರೆ ಹೋದ ಆಯಿಲ್‌ನ ಜಾಗವನ್ನು ಬೇರೇನೋ ತುಂಬುತ್ತಿದೆ ಅಂತ ಅರ್ಥ. ಆ ಬೇರೇನೋ ಅಂದರೆ ಪೆಟ್ರೋಲ್.

ಇದು ಆಗುವುದು ಹೀಗೆ. ತಣ್ಣಗಿರುವ ಇಂಜಿನ್‌ಗೆ ಇಸಿಯು ಜಾಸ್ತಿ ಪೆಟ್ರೋಲ್ ಕೊಡುತ್ತದೆ, ಕೊಡಲೇಬೇಕು, ಯಾಕಂದ್ರೆ ಚಳಿಯಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಗಾಳಿ ಒಳಗೆ ಬರುವ ಪೋರ್ಟ್‌ನ ಗೋಡೆಗೆ ಅಂಟಿಕೊಳ್ಳುತ್ತದೆ. ಆದರೆ ಅತಿಯಾಯ್ತೋ, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದು, ರಿಂಗ್ ದಾಟಿ ಕೆಳಗೆ ಆಯಿಲ್ ನಿಲ್ಲುವ ಸಂಪ್‌ಗೆ ಇಳಿಯುತ್ತದೆ. ನಾವು ಗ್ಯಾರೇಜಿನಲ್ಲಿ ಗ್ರೀಸ್ ಕೈಯನ್ನು ಪೆಟ್ರೋಲಲ್ಲಿ ತೊಳೆಯುತ್ತೀವಲ್ಲ, ಹಾಗೇ. ಇನ್ನು ವಾಕಡ್‌ನಿಂದ ಹಿಂಜವಡಿ ಎಷ್ಟು ದೂರ? ಆಯಿಲ್ ಸರಿಯಾಗಿ ಬಿಸಿಯಾಗುವುದರೊಳಗೆ ಆಫೀಸ್ ಬಂದಿರುತ್ತದೆ. ವಾರವಿಡೀ ಹೀಗೆ ಪೆಟ್ರೋಲ್ ಸೇರುತ್ತಾ ಹೋಗುತ್ತದೆ, ತೆಳ್ಳಗಾದ ಆಯಿಲ್ ರಿಂಗ್ ದಾಟಿ ಇನ್ನೂ ಸುಲಭವಾಗಿ ಸುಡುತ್ತದೆ, ಗೇಜ್ ಮಾತ್ರ ಫುಲ್ ತೋರಿಸುತ್ತದೆ. ಶನಿವಾರ ಡೊಂಬಿವಲಿಗೆ ಅಂತ ಮುಂಬೈ ಎಕ್ಸ್‌ಪ್ರೆಸ್‌ವೇ ಹತ್ತಿ ಆಯಿಲ್ ಚೆನ್ನಾಗಿ ಕಾದಾಗ ಪೆಟ್ರೋಲ್ ಆವಿಯಾಗಿ ಬ್ರೀದರ್ ಮೂಲಕ ಹೊರಟುಹೋಗುತ್ತದೆ. ವಾರದ ಸಾಲ ಒಂದೇ ದಿನ ಗೇಜ್ ಮೇಲೆ ಕಾಣುತ್ತದೆ. ನೋಡಿದವನಿಗೆ ಹೈವೇನಲ್ಲೇ ಆಯಿಲ್ ಕುಡೀತು ಅನ್ನಿಸುತ್ತದೆ.

ಗೇಜ್ ಎಳೆದು ಮೂಸಿದೆ, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಟ್ಟು ಒಂದಷ್ಟು ಹೊತ್ತು ಇಟ್ಟೆ. ನಡುವೆ ಕಪ್ಪು ಚುಕ್ಕೆ, ಸುತ್ತ ತಿಳಿ ಬಣ್ಣದ ಅಗಲವಾದ ಉಂಗುರ. ಪೆಟ್ರೋಲ್ ಬೆರೆತ ಆಯಿಲ್ ಹೀಗೆ ಹರಡುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿದರೆ ಒಣ ಮಸಿ, ದೀಪದ ಕಾಡಿಗೆ ಥರ ಬೆರಳಿಗೆ ಹತ್ತುವಂಥದ್ದು. ಆಯಿಲ್ ಸುಡುತ್ತಿದ್ದ ಪ್ಲಗ್‌ಗೆ ಜಿಡ್ಡು ಹೊಳಪಿರುತ್ತದೆ, ಇಲ್ಲಿ ಅದು ಇರಲಿಲ್ಲ. ಇಂಜಿನ್ ಬಿಸಿ ಮಾಡಿ ಸಿಲಿಂಡರ್‌ಗೆ ತುಂಬಿದ ಗಾಳಿ ಎಷ್ಟು ಸೋರುತ್ತೆ ಅಂತ ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿದೆ, ಎಲ್ಲ ಸಿಲಿಂಡರ್‌ನಲ್ಲೂ 10 ಪರ್ಸೆಂಟ್ ಒಳಗೇ ಬಂತು. ಈ ಟೆಸ್ಟನ್ನು ಫೋರ್ಜ್ಡ್ ಪಿಸ್ಟನ್ ಗಾಡಿಗೆ ತಣ್ಣಗೆ ಮಾಡಿದರೆ ಮೋಸ ಹೋಗ್ತೀರಿ. 2618 ಅನ್ನುವ ಅಲ್ಯುಮಿನಿಯಂ ಅಲಾಯ್‌ನ ಫೋರ್ಜ್ಡ್ ಪಿಸ್ಟನ್ ಬಿಸಿಯಾದಾಗ ಜಾಸ್ತಿ ಹಿಗ್ಗುತ್ತದೆ ಅಂತ ಗೋಡೆಗೂ ಪಿಸ್ಟನ್‌ಗೂ ನಡುವೆ ಜಾಗ ಜಾಸ್ತಿ ಬಿಟ್ಟೇ ಕೂರಿಸುತ್ತಾರೆ. ಬೆಳಿಗ್ಗೆ ಟಕ ಟಕ ಸದ್ದು ಬರುವುದೂ ಅದಕ್ಕೇ. ಬಿಸಿಯಾದ ಮೇಲೆ ಹೋಗುತ್ತೆ ಅಂದರೆ ಚಿಂತೆ ಬೇಡ.

ರಿಂಗ್ ಸರಿ ಇದೆ ಅಂತಾಯ್ತು. ಹಾಗಾದರೆ ಬೆಳಿಗ್ಗೆ ಅಷ್ಟು ಪೆಟ್ರೋಲ್ ಯಾಕೆ ಸುರಿಯುತ್ತಿದೆ?

ಹುಡುಗನನ್ನು ಗಾಡಿ ಸಮೇತ ಮನೆಗೆ ಕಳಿಸಿ ಒಂದು ಕೆಲಸ ಹೇಳಿದೆ. ನಾಳೆ ಮುಂಜಾನೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡಿ. ಪೆಡಲ್ ಪೂರ್ತಿ ಒತ್ತಿದ್ದಾಗ ಹೆಚ್ಚಿನ ಇಸಿಯುಗಳು ಸೆಲ್ಫ್ ಹೊಡೆಯುವಾಗ ಇಂಜೆಕ್ಟರ್ ಬಂದ್ ಮಾಡುತ್ತವೆ, ಇವನದರಲ್ಲೂ ಆ ಸೆಟ್ಟಿಂಗ್ ಇತ್ತು. ಮಾಮೂಲಾಗಿ ಹೊಡೆದು ಹತ್ತದ ಗಾಡಿ ಹೀಗೆ ಹತ್ತಿದರೆ ಪೆಟ್ರೋಲ್ ಜಾಸ್ತಿ ಆಗಿದೆ ಅಂತಲೇ ಲೆಕ್ಕ. ಉಲ್ಟಾ ಕೇಸೂ ಇರುತ್ತವೆ. ಹಳೇ ಪೆಟ್ರೋಲ್‌ನಲ್ಲಿ ಟ್ಯೂನ್ ಮಾಡಿದ ಮ್ಯಾಪ್ (ಇಸಿಯುನಲ್ಲಿರುವ ಪೆಟ್ರೋಲ್ ಲೆಕ್ಕ) ಇಟ್ಟುಕೊಂಡು ಈಗಿನ ಇ20, ಅಂದರೆ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್, ಹಾಕಿಸುವವರಿಗೆ ಪೆಟ್ರೋಲ್ ಕಮ್ಮಿ ಬೀಳುತ್ತದೆ. ಎಥೆನಾಲ್ ಚಳಿಯಲ್ಲಿ ಸುಲಭಕ್ಕೆ ಆವಿಯಾಗಲ್ಲ. ಮೇಲಾಗಿ ಶುದ್ಧ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಇ20 ಜಾಸ್ತಿ ಕೊಡಬೇಕು. ಆ ಗಾಡಿಗಳು ಪೆಡಲ್ ಒತ್ತಿ ಹಿಡಿದರೆ ಜಪ್ಪಯ್ಯ ಅಂದರೂ ಹತ್ತಲ್ಲ. ಹುಡುಗನ ಗಾಡಿ ಹತ್ತಿತು, ಸೊಸೈಟಿ ಪಾರ್ಕಿಂಗ್ ತುಂಬ ಕರಿ ಹೊಗೆ ಬಿಟ್ಟು, ವಾಚ್‌ಮನ್ ಬೈಗುಳದ ಸಮೇತ.

ಅವತ್ತು ಸಂಜೆ ಗಾಡಿ ನಮ್ಮಲ್ಲೇ ಬಿಟ್ಟು ಹೋದ. ರಾತ್ರಿಯಿಡೀ ಶೆಡ್‌ನ ಹೊರಗೆ ನಿಲ್ಲಿಸಿದ್ದೆ. ಬೆಳಿಗ್ಗೆ ಸೆಲ್ಫ್ ಹೊಡೆಯದೆ ಬರೀ ಇಗ್ನಿಷನ್ ಆನ್ ಮಾಡಿ ಲ್ಯಾಪ್‌ಟಾಪ್ ಜೋಡಿಸಿದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒಳಗೆ ಬರುವ ಗಾಳಿಯ ಟೆಂಪರೇಚರ್ ಮತ್ತು ಕೂಲೆಂಟ್ ಟೆಂಪರೇಚರ್ ಹೆಚ್ಚೂ ಕಮ್ಮಿ ಒಂದೇ ಇರಬೇಕು. ಗಾಳಿ 12 ಡಿಗ್ರಿ ಅಂತ ತೋರಿಸುತ್ತಿತ್ತು. ಕೂಲೆಂಟ್ ಮೈನಸ್ 8! ಭೋಸರಿಯಲ್ಲಿ ಮೈನಸ್ 8! ಪಾಪ, ಇಸಿಯು ತಾನು ಲಡಾಖ್‌ನಲ್ಲಿದ್ದೀನಿ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿತ್ತು.

ಕೂಲೆಂಟ್ ಸೆನ್ಸರ್ ಕೆಟ್ಟಿರಲಿಲ್ಲ. ಹೊಸ ಇಸಿಯುನಲ್ಲಿ ಬೇರೆ ಯಾವುದೋ ಸೆನ್ಸರ್‌ನ ಲೆಕ್ಕ ಹಾಕಿಟ್ಟಿದ್ದರು. ಈ ಸೆನ್ಸರ್‌ಗಳ ರೆಸಿಸ್ಟೆನ್ಸ್ ತಣ್ಣಗಾದಷ್ಟೂ ಏರುತ್ತದೆ, ಒಂದೊಂದು ಸೆನ್ಸರ್‌ನ ಏರು ಒಂದೊಂದು ಥರ. ಇದರಲ್ಲಿ ಬಿಸಿ ಕಡೆ ಲೆಕ್ಕ ಹೊಂದಿಕೊಂಡಿತ್ತು, ತಣ್ಣಗಾದಂತೆ ದೂರ ಹೋಗುತ್ತಿತ್ತು. ಮೇ ತಿಂಗಳ ಮುಂಬೈಯಲ್ಲಿ ಯಾರಿಗೂ ಗೊತ್ತಾಗದೇ ಇದ್ದದ್ದು ಅದಕ್ಕೇ. ಸೆನ್ಸರ್ ಬಿಚ್ಚಿ ಐಸ್ ನೀರು, ನಲ್ಲಿ ನೀರು, ಕುದಿಯುವ ಮುಂಚಿನ ಬಿಸಿ ನೀರು, ಮೂರರಲ್ಲೂ ಅದ್ದಿ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಮಲ್ಟಿಮೀಟರ್‌ನಲ್ಲಿ ಓಮ್ ಓದಿ ಇಸಿಯುಗೆ ತುಂಬಿದೆ. ಸೆನ್ಸರ್ ಕೆಲಸ ಅಷ್ಟೇ.

ಆಮೇಲೆ ಕ್ರ್ಯಾಂಕಿಂಗ್ ಪೆಟ್ರೋಲ್, ಅಂದರೆ ಸೆಲ್ಫ್ ಹೊಡೆಯುವಾಗ ಕೊಡುವ ಪೆಟ್ರೋಲ್, ಹೊಂದಿಸುವುದು. ಇದಕ್ಕೆ ತಾಳ್ಮೆ ಬೇಕು. ದಿನಕ್ಕೆ ಒಂದೇ ಸಲ ಅವಕಾಶ. ಒಂದು ಸಲ ಸ್ಟಾರ್ಟ್ ಆಯ್ತು ಅಂದರೆ ಇಂಜಿನ್ ಇನ್ನು ತಣ್ಣಗಿಲ್ಲ, ಮತ್ತೆ ಮರುದಿನವೇ. ಹೊಗೆಯಿಂದ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಕೂಡ ಕಾಯುವ ತನಕ ಏನೂ ಹೇಳಲ್ಲ, ಕಿವಿ ಮತ್ತು ಮೂಗನ್ನೇ ನಂಬಬೇಕು. ಜೊತೆಗೆ ಬ್ಯಾಟರಿ ನೋಡಿ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಇಂಜೆಕ್ಟರ್ ತೆರೆಯುವುದೇ ತಡವಾಗುತ್ತದೆ, ನೀವು ಮಾಡಿದ ಲೆಕ್ಕವೆಲ್ಲ ನೀರಲ್ಲಿ ಹೋಮ. ಹುಡುಗ ದಿನಾ ಫೋನ್ ಮಾಡಿ "ಅಣ್ಣಾ ಆತೇನ್ರಿ?" ಅಂತಿದ್ದ. ಚಳಿಗಾಲದಲ್ಲಿ ಟ್ಯೂನ್ ಮಾಡಿಸುವವರಿಗೆ ನಾನು ಗಾಡಿ ವಾರ ಬಿಟ್ಟು ಹೋಗಿ ಅಂತ ಮೊದಲೇ ಹೇಳುವುದು ಇದಕ್ಕೇ.

ಆಯಿಲ್, ಫಿಲ್ಟರ್ ಬದಲಿಸಿ, ಗೇಜ್ ಮೇಲೆ ಮಟ್ಟದ ಫೋಟೊ ತೆಗೆಸಿ ಕೊಟ್ಟೆ. ಈ ನಡುವೆ ಅವನು ಬ್ರೀದರ್‌ನಿಂದ ಬರುವ ಆಯಿಲ್ ಆವಿ ಹಿಡಿಯುವ ಕ್ಯಾಚ್ ಕ್ಯಾನ್ ತೆಗೆದು ನೋಡಿ ಹಾಲು ಬಣ್ಣದ ಗಸಿ ಕಂಡು ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲ್‌ಗೆ ಸೇರಿತು ಅಂತ ಗಾಬರಿಯಾಗಿದ್ದ. ಚಳಿಗಾಲದಲ್ಲಿ ತೇವ ಮತ್ತು ಆಯಿಲ್ ಆವಿ ಸೇರಿ ಹಾಗಾಗುತ್ತದೆ. ಕೂಲೆಂಟ್ ಮಟ್ಟ ಇಳಿಯದಿದ್ದರೆ ಖಾಲಿ ಮಾಡಿ ವಾಪಸ್ ಹಾಕಿ.

ಈಗ ಆಯಿಲ್ ಲೆಕ್ಕ ನಿಜ ಹೇಳಲು ಶುರು ಮಾಡಿತು. ಡೊಂಬಿವಲಿಗೆ ಹೋಗಿ ಬಂದರೂ ಲೀಟರ್ ಮಾಯವಾಗುತ್ತಿರಲಿಲ್ಲ. 1000 ಕಿ.ಮೀ.ಗೆ ಹತ್ತಿರ ಹತ್ತಿರ 300 ಎಂಎಲ್ ಮಾತ್ರ ಹೋಗುತ್ತಿತ್ತು. ಅರ್ಧ ಲೀಟರ್ ತನಕ ಸಹಜ ಅಂತ ಕೆಲವು ಕಂಪನಿಗಳ ಮ್ಯಾನುಯಲ್‌ನಲ್ಲೇ ಇರುತ್ತದೆ, ಆದರೂ ಅವನಿಗೆ ಸಮಾಧಾನವಿಲ್ಲ. ಹೊಗೆ ಯಾವಾಗ ಬರುತ್ತೆ ಅಂತ ಕೇಳಿದೆ. ಖಂಡಾಲ ಘಾಟ್‌ನಲ್ಲಿ ಗೇರ್‌ನಲ್ಲೇ ಇಳಿದು ಕೆಳಗೆ ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ನೀಲಿ ಹೊಗೆ ಅಂದ. ಇದು ಸವೆದ ವಾಲ್ವ್ ಸೀಲ್‌ನ (ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಗುಣ. ಕಾಲು ತೆಗೆದು ಇಳಿಯುವಾಗ ಇನ್‌ಟೇಕ್‌ನಲ್ಲಿ ವ್ಯಾಕ್ಯೂಮ್ ಜಾಸ್ತಿ, ಸೀಲ್ ದಾಟಿ ಆಯಿಲ್ ಎಳೆದುಕೊಳ್ಳುತ್ತದೆ. ಟರ್ಬೊದಿಂದ ಸೋರಿಕೆ ಇದ್ದಿದ್ದರೆ ಜೋರಾಗಿ ಓಡಿಸಿ ಸಿಗ್ನಲ್‌ನಲ್ಲಿ ನಿಂತಾಗ ಹೊಗೆ ಕಾಣುತ್ತಿತ್ತು.

ಸೀಲ್‌ಗೂ ಹೆಡ್ (ಇಂಜಿನ್‌ನ ಮೇಲಿನ ಭಾಗ) ಬಿಚ್ಚಬೇಕಿಲ್ಲ. ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ತುಂಬಿದರೆ ವಾಲ್ವ್ ಕೆಳಗೆ ಬೀಳಲ್ಲ, ಮೇಲಿಂದಲೇ ಸ್ಪ್ರಿಂಗ್ ತೆಗೆದು ಸೀಲ್ ಬದಲಿಸಬಹುದು. ಪಿಸ್ಟನ್ ಪೂರ್ತಿ ಮೇಲಿರಲಿ, ಗಾಡಿ ಗೇರ್‌ನಲ್ಲಿರಲಿ, ಇಲ್ಲದಿದ್ದರೆ ಗಾಳಿ ಬಿಟ್ಟ ಕೂಡಲೇ ಕ್ರ್ಯಾಂಕ್ ತಿರುಗಿ ಸ್ಪ್ಯಾನರ್ ಹಿಡಿದ ಕೈಗೆ ಪೆಟ್ಟು ಬೀಳುತ್ತದೆ. ಸ್ಪ್ರಿಂಗ್ ಹಿಡಿದಿಡುವ ಚಿಕ್ಕ ಕಾಟರ್ ಒಳಗೆ ಬೀಳದ ಹಾಗೆ ಆಯಿಲ್ ಹೋಗುವ ತೂತುಗಳಿಗೆ ಬಟ್ಟೆ ತುರುಕಿ, ಮುಗಿದ ಮೇಲೆ ತುರುಕಿದ ಬಟ್ಟೆಯನ್ನೆಲ್ಲ ಎಣಿಸಿ ಹೊರಗೆ ತೆಗೆಯಿರಿ.