ಐದು ತಾಲೂಕು, ಆರು ಖಾನೆ

ಕೊಡಗಿನಲ್ಲಿ ಮೂರೇ ತಾಲೂಕು ಇದ್ದಾಗ ಈ ತಲೆನೋವು ಇರಲಿಲ್ಲ. ಪೊನ್ನಂಪೇಟೆ, ಕುಶಾಲನಗರ ಸೇರಿ ಐದಾದವು. ಈಗ ಐದು ಮಳೆ ಚಾರ್ಟ್‌ಗಳನ್ನು ಸಾಲಿಗೆ ಮೂರರಂತೆ ಕೂರಿಸಿದರೆ ಕೊನೆಯ ಖಾನೆ ಖಾಲಿ. ಹಲ್ಲು ಬಿದ್ದ ಬಾಯಿ ಥರ.

ಅಂಕಿಗಳೆಲ್ಲ ನೆಂಟರ ತೋಟದ ಡೈರಿಗಳಿಂದ ಬಂದವು, ಇಂಚು-ಸೆಂಟ್ ಲೆಕ್ಕದಲ್ಲಿ (ನೂರು ಸೆಂಟ್ ಅಂದರೆ ಒಂದು ಇಂಚು ಮಳೆ). ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನವನ್ನು ಚಿಕ್ಕಪ್ಪ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ. ಆ ಶ್ರದ್ಧೆ ನನ್ನ ಕೋಡ್‌ನಲ್ಲಿ ಇಲ್ಲ ಬಿಡಿ.

ನಾನು ಚಾರ್ಟ್ ಬಿಡಿಸೋದು ಮ್ಯಾಟ್‌ಪ್ಲಾಟ್‌ಲಿಬ್ ಅನ್ನೋ ಪೈಥಾನ್ ಲೈಬ್ರರಿಯಲ್ಲಿ. ಅದರಲ್ಲಿ ದಾರಿಯೇ ಇಲ್ಲ ಅಂತಲ್ಲ. 2020ರ 3.3 ಆವೃತ್ತಿಯಿಂದ ಸಬ್‌ಪ್ಲಾಟ್ ಮೊಸಾಯಿಕ್ ಇದೆ. ಒಂದೊಂದು ಚಾರ್ಟ್‌ಗೆ ಒಂದೊಂದು ಅಕ್ಷರ ಕೊಟ್ಟು ಸಾಲಾಗಿ ಜೋಡಿಸಿದರೆ ಸಾಕು, ಅದೇ ವಿನ್ಯಾಸ; ಚುಕ್ಕಿ ಇಟ್ಟಲ್ಲಿ ಖಾಲಿ ಜಾಗ. ಪ್ರತಿ ಅಕ್ಷರವನ್ನು ಎರಡೆರಡು ಸಲ ಬರೆದು, ಕೆಳಸಾಲಿನ ಎರಡೂ ತುದಿಗೆ ಒಂದೊಂದು ಚುಕ್ಕಿ ಇಟ್ಟರೆ ಕೊನೆಯ ಎರಡು ಚಾರ್ಟ್ ನಡುವಿಗೆ ಬರುತ್ತವೆ. ಆದರೆ ಚಾರ್ಟ್ ಒಂದು ಹೆಚ್ಚಾದರೂ ಮತ್ತೆ ಅಕ್ಷರ ಎಣಿಸಬೇಕು, ಅಲ್ವಾ?

ಅದಕ್ಕೇ ನಿನ್ನೆ ಲೈಬ್ರರಿ ನೋಡಿಕೊಳ್ಳುವವರಿಗೆ ಪ್ರಸ್ತಾವ ಬರೆದೆ: ಕೊನೆಯ ಸಾಲು ತುಂಬದಿದ್ದರೆ ತಾನಾಗಿ ನಡುವಿಗೆ ಬರುವ ಒಂದು ಆಯ್ಕೆ ಇರಲಿ. ಕೋಡ್‌ಗೆ ಅರ್ಧ ಗಂಟೆ, ಆಯ್ಕೆಗೆ ಹೆಸರಿಡೋಕೆ ಎರಡು ದಿನ. ಕಳಿಸುವ ಮುಂಚೆ ಸ್ವಲ್ಪ ಅಳುಕೂ ಆಯಿತು. ಕೇಳೋದು ಸುಲಭ, ವರ್ಷಗಟ್ಟಲೆ ಅದನ್ನು ಸಾಕುವವರು ಬೇರೆಯವರು. ಆದರೆ ಜಾನ್ ಹಂಟರ್ ಈ ಲೈಬ್ರರಿ ಶುರು ಮಾಡಿದ್ದೂ ಮೂರ್ಛೆರೋಗಿಗಳ ಮೆದುಳಿನ ಅಲೆಗಳನ್ನು ನೋಡುವ ತನ್ನದೇ ಕೆಲಸಕ್ಕೆ. ಆ ಧೈರ್ಯದಲ್ಲಿ ಕಳಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಮಳೆಗಾಲವಲ್ವಾ.

ಅಪ್ಪ ಲ್ಯಾಪ್‌ಟಾಪ್ ಇಣುಕಿ ನೋಡಿದರು. "ಆ ಖಾಲಿ ಜಾಗಕ್ಕೆ ಮೆಣಸಿನ ರೇಟು ಹಾಕು ಮಗಾ" ಅಂದರು.